ಕತ್ತಲೆಕಾನಿನ ಲೆಕ್ಕ ಯಾರ ಖಾತೆಗೆ?

ಸಾಗರದಲ್ಲಿ ಹೊನ್ನಾವರದ ಬಸ್ಸು ಹತ್ತಿದವರು ತಾಳಗುಪ್ಪ ಬರುವ ಹೊತ್ತಿಗೆ ಟಿಕೆಟ್ ಜೇಬಿಗೆ ಹಾಕಿ ತೂಕಡಿಸಲು ಶುರು ಮಾಡುತ್ತಾರೆ. ಮಾವಿನಗುಂಡಿ ದಾಟಿದ ಮೇಲೆ, ಮಲೆಮನೆ ಘಟ್ಟದ ತಿರುವುಗಳು ಸಿಕ್ಕುವ ಮೊದಲು, ಒಮ್ಮೆಲೇ ಹೊರಗಿನ ಬೆಳಕು ಕಮ್ಮಿಯಾಗುತ್ತದೆ. ಕಿಟಕಿಗೆ ಇಟ್ಟ ಮೊಣಕೈಗೆ ತಣ್ಣನೆ ಗಾಳಿ ತಾಗುತ್ತದೆ. ‘ಮಳೆ ಬಂತಾ ಮಾರಾಯ್ರೆ?’ ಅಂತ ಎಚ್ಚರಾದವರು ಪಕ್ಕದವರನ್ನು ಕೇಳುವುದುಂಟು. ಮಳೆ ಎಲ್ಲಿ ಬಂತು? ಬಂದದ್ದು ಕತ್ತಲೆಕಾನು.

ಕೆಲವೇ ನಿಮಿಷ. ಅಷ್ಟರಲ್ಲಿ ಕಾಡು ಹಿಂದೆ ಬೀಳುತ್ತದೆ, ಬಸ್ಸು ಘಟ್ಟ ಇಳಿದು ಗೇರುಸೊಪ್ಪೆ ಸೇರುತ್ತದೆ. ತಿಂಗಳಿಗೆ ನಾಲ್ಕು ಸಲ ಈ ರಸ್ತೆಯಲ್ಲಿ ಓಡಾಡುವ ಅಡಿಕೆ ವ್ಯಾಪಾರಿಯನ್ನು ಕೇಳಿ ನೋಡಿ, ‘ಹೌದು, ಅಲ್ಲೊಂದು ದಟ್ಟ ಕಾಡುಂಟು’ ಎಂಬುದಕ್ಕಿಂತ ಹೆಚ್ಚು ಹೇಳಲಾರ. ದೂರದ ಊರುಗಳಿಂದ ಕಾರು ಮಾಡಿಕೊಂಡು ಜೋಗ ನೋಡಲು ಬರುವವರೂ ಅಷ್ಟೆ. ಜಲಪಾತದ ಮುಂದೆ ನಿಂತು ಫೋಟೋ ಹೊಡೆಸಿಕೊಂಡು, ಸುಟ್ಟ ಜೋಳ ತಿಂದು, ಬಂದ ದಾರಿಯಲ್ಲೇ ವಾಪಸು ಹೋಗುತ್ತಾರೆ. ಜೋಗದಿಂದ ಕೂಗಳತೆಯಲ್ಲೇ ಎನ್ನಬಹುದಾದಷ್ಟು ಹತ್ತಿರ, ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿ, ಇಡೀ ಸಹ್ಯಾದ್ರಿಯಲ್ಲೇ ಅಪರೂಪವಾದ ಒಂದು ಪುರಾತನ ಕಾಡು ನಿಂತಿದೆ ಎಂಬುದು ಅವರಿಗೆ ಗೊತ್ತಿಲ್ಲ.

ಗೊತ್ತಿಲ್ಲದಿದ್ದರೆ ನಷ್ಟ ಏನು ಎಂದು ಕೇಳಬಹುದು. ಇಷ್ಟು ದಿನ ನಷ್ಟ ಇರಲಿಲ್ಲ. ಈಗ ರಸ್ತೆ, ವಿದ್ಯುತ್, ಪ್ರವಾಸ ಎಂಬ ಮೂರು ಹೆಸರಿನಲ್ಲಿ ಈ ಸೀಮೆಯ ಕಾಡಿನ ಬಗ್ಗೆ ದೊಡ್ಡ ದೊಡ್ಡ ತೀರ್ಮಾನಗಳು ಆಗುತ್ತಿವೆ. ಅಲ್ಲಿ ಏನಿದೆ ಎಂದು ತಿಳಿಯದವರೇ ಹೂಂ ಎನ್ನುತ್ತಿದ್ದಾರೆ, ಊಹೂಂ ಎನ್ನುತ್ತಿದ್ದಾರೆ. ಆದ್ದರಿಂದ ಮೊದಲು ಒಳಗೆ ಹೋಗಿ ನೋಡುವುದು ಒಳ್ಳೆಯದು.

ಒಳಗೆ ಏನಿದೆ?

ಇದು ಅಭಯಾರಣ್ಯದ ಸೀಮೆ. ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಅಪ್ಪಣೆ ಪಡೆದು ಹೋದವರಿಗೂ ಮಳೆಗಾಲದಲ್ಲಿ ಉಂಬಳಗಳ ಸ್ವಾಗತ ತಪ್ಪದು. ಸುಣ್ಣ, ಹೊಗೆಸೊಪ್ಪು ಕಾಲಿಗೆ ತಿಕ್ಕಿಕೊಂಡು ಹೋಗುವುದು ಹಳಬರ ಕ್ರಮ.

ಹೆದ್ದಾರಿ ಬಿಟ್ಟು ನೂರು ಹೆಜ್ಜೆ ಇಟ್ಟರೆ ಲಾರಿಗಳ ಸದ್ದು ಅಡಗುತ್ತದೆ. ಮರಗಳು ನೂರು ಅಡಿ ಮುಟ್ಟುವಂಥವು. ಕಾಂಡ ನೆಟ್ಟಗೆ ಕಂಬದಂತೆ ಏರಿ, ಎಲ್ಲೋ ಮೇಲೆ ಹೋಗಿ ಕೊಂಬೆ ಬಿಡುತ್ತದೆ. ತಲೆ ಎತ್ತಿ ನೋಡಿದವನ ಟೊಪ್ಪಿ ಬೀಳುತ್ತದೆ ಎಂಬ ಮಾತು ಇಲ್ಲಿ ಉತ್ಪ್ರೇಕ್ಷೆ ಅಲ್ಲ. ಒಂದರ ತಲೆ ಇನ್ನೊಂದಕ್ಕೆ ಸೇರಿ ಮೇಲೆ ಚಪ್ಪರ ಹಾಕಿದ ಹಾಗೆ ಮುಚ್ಚಿಕೊಂಡಿದೆ. ಮಧ್ಯಾಹ್ನದ ಬಿಸಿಲೂ ಚಿಲ್ಲರೆ ಕಾಸಿನಂತೆ ಅಲ್ಲೊಂದು ಇಲ್ಲೊಂದು ನೆಲಕ್ಕೆ ಬಿದ್ದಿರುತ್ತದೆ. ಕತ್ತಲೆಕಾನು ಎಂದು ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ.

ಇನ್ನೂ ಒಳಗೆ, ಹಳ್ಳದ ದಂಡೆಯ ತಗ್ಗಿನಲ್ಲಿ, ನೆಲ ಕೆಸರಾಗುತ್ತದೆ. ಬೇಸಿಗೆಯಲ್ಲೂ ಆರದ ಕೆಸರು. ಮಲೆನಾಡಿನವರು ಇಂಥ ಜಾಗಕ್ಕೆ ಜಡ್ಡಿ ಎನ್ನುತ್ತಾರೆ. ಇಲ್ಲಿ ನಿಂತಿರುವುದು ಕಾಡು ಜಾಯಿಕಾಯಿ ಮರಗಳು, ಅಂಗಡಿಯವರಿಗೆ ಗೊತ್ತಿರುವ ರಾಂಪತ್ರೆಯ ಬಳಗ. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೇ ಒಂದು ಜಾತಿಯ ಮರ ತನ್ನ ಬೇರನ್ನು ಕೆಸರಿನಿಂದ ಮೇಲೆತ್ತಿ, ಮೊಣಕಾಲು ಮಡಚಿದಂತೆ ಬಗ್ಗಿಸಿ, ಮತ್ತೆ ಕೆಸರಿಗೆ ಇಳಿಸುತ್ತದೆ. ಆ ಮೊಣಕಾಲಿನ ಮೂಲಕ ಉಸಿರಾಡುತ್ತದೆ. ಇನ್ನೊಂದು ಜಾತಿ ಕಾಂಡದ ಸುತ್ತ ಊರುಗೋಲಿನಂಥ ಬೇರು ಇಳಿಸಿ ನಿಂತಿದೆ. ತೊಗಟೆಗೆ ಕಚ್ಚು ಬಿದ್ದರೆ ನೆತ್ತರಿನಂಥ ಕೆಂಪು ರಸ ಒಸರುತ್ತದೆ.

ಹೂ ಬಿಡುವ ಗಿಡಮರಗಳಲ್ಲಿ ಅತಿ ಹಳೆಯ ವಂಶಗಳಲ್ಲಿ ಈ ಜಾಯಿಕಾಯಿ ವಂಶವೂ ಒಂದು ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಒಂದು ಕಾಲದಲ್ಲಿ ಘಟ್ಟದ ಹಳ್ಳ–ಕಣಿವೆಗಳಲ್ಲಿ ಇಂಥ ಜಡ್ಡಿಗಳು ಬಹಳ ಇದ್ದವು. ತಗ್ಗು ಜಾಗ, ನೀರು ಇರುವ ಜಾಗ. ಗದ್ದೆಗೂ ತೋಟಕ್ಕೂ ಅದೇ ಬೇಕು. ಹಾಗಾಗಿ ಒಂದೊಂದೇ ಗದ್ದೆಯಾಯಿತು, ತೋಟವಾಯಿತು. ಉಳಿದದ್ದು ಚೂರುಪಾರು. ಆ ಚೂರುಗಳಲ್ಲಿ ಕತ್ತಲೆಕಾನು ಮುಖ್ಯವಾದದ್ದು.

ಊರಿನ ಹೆಸರು ಹೊತ್ತ ಮರ

2000ನೇ ಇಸವಿಯಲ್ಲಿ ದಾಸಪ್ಪ ಮತ್ತು ಅರಣ್ಯಾಧಿಕಾರಿ ಎಂ.ಎಚ್. ಸ್ವಾಮಿನಾಥ್ ಈ ಕಾಡಿನಿಂದ ಒಂದು ಹೊಸ ಮರದ ಜಾತಿಯನ್ನು ಲೋಕಕ್ಕೆ ತಿಳಿಸಿದರು. ಅದು ಕಾಡುಗೇರಿನ ಬಳಗದ್ದು. ಅದಕ್ಕೆ ಸಿಕ್ಕ ಶಾಸ್ತ್ರೀಯ ಹೆಸರು ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’. ಅಂದರೆ ಕತ್ತಲೆಕಾನಿನದು ಎಂದರ್ಥ. ಪ್ರಪಂಚದ ಯಾವ ಮೂಲೆಯ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಈ ಮರದ ಹೆಸರು ಬಂದರೂ ಸಿದ್ದಾಪುರ ತಾಲೂಕಿನ ಈ ಮೂಲೆಯ ಹೆಸರೂ ಬಂದ ಹಾಗೆ. ನೂರಾರು ವರ್ಷ ಅಲ್ಲೇ ನಿಂತಿದ್ದ ಮರಕ್ಕೆ ಹೆಸರು ಸಿಗಲು 2000ನೇ ಇಸವಿ ಆಗಬೇಕಾಯಿತು. ಹೆಸರಿಲ್ಲದೆ ಮಣ್ಣುಪಾಲಾದವು ಎಷ್ಟೋ!

ಕುಮಟಾದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರದಿಂದ ಕೆಲಸ ಮಾಡಿದ ಡಾ. ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಸಂಗಡಿಗರು ಇದೇ ಸೀಮೆಯಲ್ಲಿ ಇನ್ನೆರಡು ಅಪರೂಪದ ಮರಗಳನ್ನು ಗುರುತಿಸಿದರು. ಒಂದು ನೇರಳೆ ಬಳಗದ್ದು, ಇನ್ನೊಂದು ಹಿಪ್ಪೆ ಬಳಗದ್ದು. ಎರಡೂ ಹಳೆಯ ತಿರುವಾಂಕೂರು ಸೀಮೆಯವು, ಬೇರೆಲ್ಲೂ ಇಲ್ಲ ಎಂದೇ ಜ್ಞಾನಿಗಳು ಬಹಳ ಕಾಲ ನಂಬಿದ್ದರು. ಅಲ್ಲಿಂದ ನೂರಾರು ಮೈಲಿ ಉತ್ತರಕ್ಕೆ, ಬಸ್ಸಿನ ಕಿಟಕಿಯಾಚೆ, ಅವು ತಣ್ಣಗೆ ನಿಂತಿದ್ದವು.

2014ರಲ್ಲಿ ಇನ್ನೊಂದು ಸುದ್ದಿ ಬಂತು. ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಕತ್ತಲೆಕಾನಿನ ಹಳ್ಳದಲ್ಲಿ ಕಂಡ ಕಪ್ಪೆಯೊಂದಕ್ಕೆ ‘ಕುಂಬಾರ’ ಎಂದು ಹೆಸರಿಟ್ಟರು. ಹೆಣ್ಣು ಕಪ್ಪೆ ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಕಪ್ಪೆ ಹಿಂಗಾಲ ಮೇಲೆ ಎದ್ದು ನಿಂತು, ಮುಂಗೈಯಲ್ಲಿ ಹಳ್ಳದ ಮಣ್ಣು ತೆಗೆದು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಥೇಟು ಕುಂಬಾರನ ಕೆಲಸ. ರಾತ್ರಿ ಹೊತ್ತು, ತಿಳಿನೀರಿನ ಹಳ್ಳದಲ್ಲಿ ಈ ಕಸುಬು ನಡೆಯುತ್ತದೆ. ಹಳ್ಳ ಬತ್ತಿದರೆ, ಮಣ್ಣು ಕುಸಿದು ನೀರು ಕದಡಿದರೆ ಕುಂಬಾರನಿಗೆ ಅಂಗಡಿಯೇ ಇಲ್ಲ.

ಇಷ್ಟೆಲ್ಲ ಹೇಳಿದ್ದು ಪಟ್ಟಿ ಒಪ್ಪಿಸಲಿಕ್ಕಲ್ಲ. ಸಣ್ಣ ಜಾಗದಲ್ಲಿ ಇಷ್ಟು ಸರಕು ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ದಾರಿ ಮಾಡಲಿಕ್ಕೆ.

ಕಾನು ಉಳಿದದ್ದು ಹೇಗೆ?

ಮನುಷ್ಯರು ಕಾಲಿಡದ್ದರಿಂದ ಕಾಡು ಉಳಿಯಿತು ಎಂಬುದು ಪೇಟೆಯವರ ನಂಬಿಕೆ. ಕತ್ತಲೆಕಾನಿನ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಕಾನು ಎಂಬ ಶಬ್ದವೇ ಸಾಕ್ಷಿ. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ಹಳ್ಳಿಗರಿಗೆ ಕಾನು ಎಂದರೆ ಬರೀ ಅಡವಿ ಅಲ್ಲ. ಸೊಪ್ಪು–ಕಟ್ಟಿಗೆ ತರುವುದಕ್ಕೆ ಬೆಟ್ಟ ಇತ್ತು, ದನ ಮೇಯಲು ಬ್ಯಾಣ ಇತ್ತು, ಕಾನು ಬೇರೆಯೇ ಇತ್ತು. ಅಲ್ಲಿ ದೇವರಿದ್ದ, ಭೂತ–ಚೌಡಿ ಇತ್ತು, ಊರಿಗೆ ನೀರು ಕೊಡುವ ಹಳ್ಳದ ಹುಟ್ಟು ಇತ್ತು. ಅಲ್ಲಿ ಹಸಿಮರಕ್ಕೆ ಕೊಡಲಿ ಹಾಕುವಂತಿರಲಿಲ್ಲ. ಆದರೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಿಂದ ಮೆಣಸು ಕೊಯ್ಯಬಹುದಿತ್ತು. ದಾಲ್ಚಿನ್ನಿ, ರಾಂಪತ್ರೆ, ಜೇನು, ಬೆತ್ತ ತರಬಹುದಿತ್ತು.

ಘಟ್ಟದ ಕೆಳಗಿನ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು 16ನೇ ಶತಮಾನದ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಆ ಮೆಣಸು ಹಡಗು ಹತ್ತುವ ಮೊದಲು ಮರ ಹತ್ತಿದ್ದು ಈ ಘಟ್ಟಗಳ ಕಾನು–ತೋಟಗಳಲ್ಲಿ. ಅಂದರೆ ಈ ಕಾಡಿಗೆ ವ್ಯಾಪಾರ ಹೊಸದಲ್ಲ. ನಾನೂರು ವರ್ಷ ವ್ಯಾಪಾರ ನಡೆದೂ ಮರ ಉಳಿದಿತ್ತು. ಫಸಲು ಪೇಟೆಗೆ ಹೋಗುತ್ತಿತ್ತು, ಬಂಡವಾಳ ಕಾನಿನಲ್ಲೇ ಇರುತ್ತಿತ್ತು. ಅಂಗಡಿ ನಡೆಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

1801ರಲ್ಲಿ ಈ ಸೀಮೆಯಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್‌ನಿಗೆ ಈ ಲೆಕ್ಕ ಅರ್ಥವಾಗಲಿಲ್ಲ. ಕಾಡು ಊರ ದೇವರದ್ದು, ಪೂಜಾರಿಯನ್ನು ಕೇಳದೆ ಮರ ಕಡಿಯುವಂತಿಲ್ಲ ಎಂದು ಜನ ಹೇಳಿದ್ದನ್ನು ಅವನು ಬರೆದಿಟ್ಟ. ಜೊತೆಗೆ, ಇದೆಲ್ಲ ಸರ್ಕಾರದ ಆಸ್ತಿ ಸರ್ಕಾರಕ್ಕೆ ಸಿಗದಂತೆ ಹೂಡಿದ ಉಪಾಯ ಎಂದೂ ಷರಾ ಹಾಕಿದ. ಮುಂದೆ ಬ್ರಿಟಿಷ್ ಸರ್ಕಾರ ಅದೇ ಷರಾ ಹಿಡಿದು ನಡೆಯಿತು. ಕಾನು, ಬೆಟ್ಟ ಎಲ್ಲವೂ ನಿಧಾನಕ್ಕೆ ಸರ್ಕಾರದ ನಕ್ಷೆಗೆ ಸೇರಿದವು.

1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಪಕ್ಕದ ಸೊರಬ ತಾಲೂಕು ಒಂದರಲ್ಲೇ 171 ಕಾನುಗಳನ್ನು ಪಟ್ಟಿ ಮಾಡಿದ್ದರು. ಒಟ್ಟು ಮೂವತ್ತು ಸಾವಿರ ಎಕರೆಗೂ ಮಿಕ್ಕಿ. ಈಗ ಸೊರಬದ ಬಸ್ಸಿನಲ್ಲಿ ಓಡಾಡುವವರು ಕಿಟಕಿಯಾಚೆ ಎಷ್ಟು ಕಾನು ಕಾಣುತ್ತದೆ ಎಂದು ತಾವೇ ಎಣಿಸಲಿ. ಕಾನು ದೇವರಿಂದ ಸರ್ಕಾರಕ್ಕೆ ಬಂತು, ಸರ್ಕಾರದಿಂದ ಕಂಟ್ರಾಕ್ಟರಿಗೆ ಹೋಯಿತು. ರೈಲಿನ ಸ್ಲೀಪರ್‌ಗೆ ಹೋಯಿತು, ಪ್ಲೈವುಡ್ಡಿಗೆ ಹೋಯಿತು. ಕಡಿದ ಜಾಗದಲ್ಲಿ ನೀಲಗಿರಿ, ಅಕೇಶಿಯಾ ಎದ್ದು ನಿಂತವು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಕಡೆಯ ಜನ ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತದ್ದು ಈ ಹಿನ್ನೆಲೆಯಲ್ಲೇ. ಆ ಅಪ್ಪಿಕೋ ಚಳವಳಿ ಜಿಲ್ಲೆಗೆ ಹೆಸರು ತಂದಿತು. ಅಲ್ಲಿ ನಿಂತವರಲ್ಲಿ ಹೆಂಗಸರು, ಯುವಕರು, ತೋಟಿಗರು ಇದ್ದರು. ಹಳ್ಳ ಬತ್ತಿದರೆ ಅಡಿಕೆ ಒಣಗುತ್ತದೆ ಎಂಬುದು ಅವರಿಗೆ ಯಾರೂ ಭಾಷಣ ಮಾಡಿ ಕಲಿಸಿದ ಪಾಠ ಆಗಿರಲಿಲ್ಲ.

ನೀರಿನ ಹುಂಡಿ

ಕಾಡಿನ ಮಾತು ಬಂದಾಗ ಪೇಟೆಯ ಕೆಲವರು ‘ಮರ ಇದ್ದರೆ ನಮಗೆ ಏನ್ರೀ ಸಿಗ್ತದೆ?’ ಅನ್ನುತ್ತಾರೆ. ಸಿಗುವುದು ನೀರು.

ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಈ ಸೀಮೆಯ ಹಳ್ಳಗಳನ್ನು ವರ್ಷಗಟ್ಟಲೆ ಅಳೆದು ನೋಡಿದೆ. ಹಳ್ಳದ ಮೇಲ್ಭಾಗದ ಜಲಾನಯನದಲ್ಲಿ ನೂರಕ್ಕೆ 60ರಷ್ಟಾದರೂ ಸಹಜ ಕಾಡು ಇದ್ದಲ್ಲಿ ಹಳ್ಳ ಹನ್ನೆರಡು ತಿಂಗಳೂ ಹರಿಯುತ್ತದೆ. ಒಂದೇ ಜಾತಿಯ ನೆಡುತೋಪು ಇರುವಲ್ಲಿ ಮಳೆಗಾಲದ ನಾಲ್ಕು ತಿಂಗಳಿನ ಆಸುಪಾಸಿಗೆ ಆಟ ಮುಗಿಯುತ್ತದೆ. ಎರಡೂ ಕಡೆ ದೂರದಿಂದ ನೋಡಿದರೆ ಹಸಿರೇ. ಇಲಾಖೆಯ ಅಂಕಿಅಂಶದಲ್ಲೂ ಎರಡೂ ಅರಣ್ಯವೇ. ಆದರೆ ಮಾರ್ಚ್ ತಿಂಗಳಲ್ಲಿ ಕೊಡ ಹಿಡಿದು ಹೋದ ಹೆಂಗಸಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಕಾರಣ ಸುಲಭ. ಹಳೆ ಕಾಡಿನ ನೆಲ ತರಗೆಲೆ, ಬೇರು, ಹುಳುಹುಪ್ಪಟೆಗಳಿಂದ ಹತ್ತಿಯ ಹಾಸಿಗೆಯಂತೆ ಮೆತ್ತಗಿರುತ್ತದೆ. ಘಟ್ಟದ ಮಳೆ ಎಷ್ಟೇ ಹುಚ್ಚಾಗಿ ಹೊಯ್ದರೂ ಅದು ಕುಡಿದುಕೊಳ್ಳುತ್ತದೆ, ಮುಂದಿನ ಎಂಟು ತಿಂಗಳು ತೊಟ್ಟು ತೊಟ್ಟಾಗಿ ಬಿಡುತ್ತದೆ. ಕಾನು ಎಂದರೆ ನೀರಿನ ಹುಂಡಿ. ಅದನ್ನು ಒಡೆದರೆ ಒಂದು ದಿನ ಚಿಲ್ಲರೆ ಸಿಗುತ್ತದೆ, ಮರುದಿನದಿಂದ ಇಲ್ಲ.

ಈಗಿನ ಗಂಡಾಂತರ

ಕಾಗದದ ಮೇಲೆ ಕತ್ತಲೆಕಾನಿಗೆ ರಕ್ಷಣೆ ಕಮ್ಮಿ ಏನಿಲ್ಲ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು, ಸುಮಾರು 300 ಚದರ ಕಿಲೋಮೀಟರ್. 2019ರಲ್ಲಿ ಅದರ ಹೆಚ್ಚಿನ ಭಾಗವನ್ನೂ ಹಳೆಯ ಶರಾವತಿ ಕಣಿವೆ ಅಭಯಾರಣ್ಯವನ್ನೂ ಕೂಡಿಸಿ ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಲಾಯಿತು.

ಸಿಂಗಳೀಕಕ್ಕೆ ಇಷ್ಟು ಮರ್ಯಾದೆ ಯಾಕೆ? ಕಪ್ಪು ಮೈ, ಮುಖದ ಸುತ್ತ ನರೆತ ಕೇಸರ, ಸಿಂಹದಂಥ ಬಾಲದ ತುದಿ. ಸಹ್ಯಾದ್ರಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಈ ಕೋತಿ ಇಲ್ಲ. ಅದರ ಉತ್ತರದ ಕೊನೆಯ ನೆಲೆ ಶಿರಸಿ–ಹೊನ್ನಾವರ ಕಾಡು. ಇಲ್ಲಿ ಕನಿಷ್ಠ 32 ಗುಂಪುಗಳಿವೆ ಎಂದು ಸಂಶೋಧಕರು ಎಣಿಸಿದ್ದರು. ಊರ ಮಂಗನ ಹಾಗೆ ಇದು ನೆಲದ ಮೇಲೆ ತಿರುಗಾಡುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಹೋಗುವುದೇ ಇದರ ಸಂಚಾರ. ರಸ್ತೆ ದಾಟಬೇಕಾದರೂ ಮೇಲಿನ ಚಪ್ಪರದಲ್ಲೇ ದಾಟಬೇಕು.

ಇಲ್ಲಿಗೆ ಮೊದಲ ಸಮಸ್ಯೆ ಬಂತು, ರಸ್ತೆ. ಹೊನ್ನಾವರ–ಸಾಗರ ರಸ್ತೆ ಹಿಂದೆ 206ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಈಗ 69ನೇ ನಂಬರು. ಘಟ್ಟದ ತಿರುವಿನಲ್ಲಿ ಎರಡು ಲಾರಿ ಎದುರಾದರೆ ಬಸ್ಸಿನವರಿಗೆ ಎಷ್ಟು ಹೊತ್ತು ಕಾಯಬೇಕೋ ದೇವರೇ ಬಲ್ಲ. ಸರಕು ತರಿಸುವ ಅಂಗಡಿಯವರ ಕಷ್ಟ ಸುಳ್ಳಲ್ಲ, ಆಂಬುಲೆನ್ಸಿನಲ್ಲಿ ಮಲಗಿದವರ ಕಷ್ಟವೂ ಸುಳ್ಳಲ್ಲ. ರಸ್ತೆ ಅಗಲವಾಗಲಿ ಎಂಬ ಕೂಗು ಏಳುವುದು ಅದಕ್ಕೇ. ಆದರೆ ಎರಡೂ ಬದಿ ಮರ ತೆಗೆದು ಅಗಲ ಮಾಡಿದರೆ ಮೇಲಿನ ಚಪ್ಪರ ತುಂಡಾಗುತ್ತದೆ. ಈಚೆಯ ಸಿಂಗಳೀಕ ಈಚೆಗೆ, ಆಚೆಯದ್ದು ಆಚೆಗೆ. ಬಿಸಿಲು ಒಳನುಗ್ಗಿ ಅಂಚಿನ ಜಡ್ಡಿ ಆರುತ್ತದೆ. ತುಂಡಾದ ಕಾಡು ತುಂಡಾದ ಬಟ್ಟೆಯ ಹಾಗೆ, ಅಂಚಿನಿಂದ ಎಳೆ ಬಿಚ್ಚುತ್ತಾ ಹೋಗುತ್ತದೆ.

ಗುಡ್ಡದ ಬುಡ ಕಡಿದರೆ ಏನಾಗುತ್ತದೆ ಎಂಬುದಕ್ಕೆ ಜಿಲ್ಲೆ ದೂರ ಹೋಗಬೇಕಾಗಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಕರಾವಳಿ ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿಯೊಂದು ಮನೆಮಂದಿ ಸಮೇತ ಕೊಚ್ಚಿಹೋಯಿತು. ಲಾರಿಗಳು ಗಂಗಾವಳಿ ನದಿ ಪಾಲಾದವು. ಸತ್ತವರಲ್ಲಿ ಅಂಗಡಿಯವರೂ ದಾರಿಹೋಕರೂ ಇದ್ದರು. ಹೆದ್ದಾರಿಗಾಗಿ ಗುಡ್ಡವನ್ನು ನೆಟ್ಟಗೆ ಕಡಿದದ್ದೂ ಕಾರಣಗಳಲ್ಲೊಂದು ಎಂಬ ಮಾತು ಆಗ ಎಲ್ಲ ಕಡೆ ಕೇಳಿಬಂತು. ಕಾಡಿನ ವಿಷಯ ಕಾಡುಪ್ರಾಣಿಗೆ ಮಾತ್ರ ಸಂಬಂಧಪಟ್ಟದ್ದು ಎನ್ನುವವರು ಆ ದಿನವನ್ನು ನೆನೆಸಿಕೊಳ್ಳಲಿ.

ಕರೆಂಟಿನ ಮಾತು

ಎರಡನೆಯದು ವಿದ್ಯುತ್. ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕರ್ನಾಟಕ ವಿದ್ಯುತ್ ನಿಗಮ ಮುಂದಾಗಿದೆ. ಹೆಸರು ದೊಡ್ಡದು, ವಿಷಯ ಸುಲಭ. ಸಂಜೆ ಎಲ್ಲ ಮನೆಯಲ್ಲೂ ದೀಪ, ಮೋಟಾರು ಉರಿಯುವಾಗ ಮೇಲಿನ ತಳಕಳಲೆ ಜಲಾಶಯದ ನೀರನ್ನು ಸುರಂಗದಲ್ಲಿ ಕೆಳಗೆ ಬಿಟ್ಟು ಕರೆಂಟು ಮಾಡುವುದು. ನೀರು ಗೇರುಸೊಪ್ಪೆ ಜಲಾಶಯ ಸೇರುತ್ತದೆ. ಕರೆಂಟು ಮಿಕ್ಕಿದ ಹೊತ್ತಿನಲ್ಲಿ ಅದೇ ನೀರನ್ನು ಪಂಪು ಮಾಡಿ ಮೇಲೆ ಹತ್ತಿಸುವುದು. ಇಳಿಯುವಾಗ ಬರುವ ಕರೆಂಟಿಗಿಂತ ಹತ್ತಿಸಲು ಹೆಚ್ಚು ಕರೆಂಟು ಬೇಕು. ಹಾಗಿದ್ದರೂ, ಬಿಸಿಲಿನ ಕರೆಂಟು ಹಗಲು ಹೆಚ್ಚಾಗಿ, ಸಂಜೆ ಇಲ್ಲದಾಗುವ ಈ ಕಾಲಕ್ಕೆ ಇಂಥ ದಾಸ್ತಾನು ಬೇಕು ಎಂಬುದು ನಿಗಮದ ವಾದ. ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಹೊಸ ಅಣೆಕಟ್ಟು ಇಲ್ಲ, ಹೆಚ್ಚಿನ ಕೆಲಸ ನೆಲದೊಳಗೇ ಎಂದೂ ಹೇಳುತ್ತಾರೆ.

ಆದರೆ ನೆಲದೊಳಗೆ ಹೋಗಲಿಕ್ಕೂ ನೆಲದ ಮೇಲೇ ದಾರಿ ಬೇಕಲ್ಲ! ಸುರಂಗದ ಬಾಯಿ, ಲಾರಿ ರಸ್ತೆ, ಅಗೆದ ಕಲ್ಲುಮಣ್ಣು ಸುರಿಯುವ ಜಾಗ, ಎಲ್ಲಕ್ಕೂ ಅಭಯಾರಣ್ಯವೇ ಗತಿ. ಪ್ರಸ್ತಾವದ ಪ್ರಕಾರ ಸುಮಾರು 54 ಹೆಕ್ಟೇರ್ ಅರಣ್ಯ ಜಮೀನು ಹೋಗುತ್ತದೆ, ಸಾವಿರಗಟ್ಟಲೆ ಮರ ಬೀಳುತ್ತವೆ. ಕೆಲಸದ ಜಾಗ ಕತ್ತಲೆಕಾನಿನ ನಟ್ಟನಡುವೆ ಇಲ್ಲ, ನಿಜ. ಆದರೆ ಅದೇ ಅಭಯಾರಣ್ಯ, ಅದೇ ಕಣಿವೆ, ಅದೇ ಸಿಂಗಳೀಕಗಳ ಸೀಮೆ. 2025ರ ಸೆಪ್ಟೆಂಬರಿನಲ್ಲಿ ಸಾಗರ ಮತ್ತು ಹೊನ್ನಾವರ ತಾಲೂಕುಗಳಲ್ಲಿ ನಡೆದ ಅಹವಾಲು ಸಭೆಗಳಲ್ಲಿ ಜನ ಬಲವಾಗಿ ವಿರೋಧಿಸಿದರು.

ಈ ವಿರೋಧದ ಹಿಂದೆ ಹಳೆಯ ಗಾಯ ಒಂದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರೂರುಗಳೇ ಮುಳುಗಿದವು. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳು ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡವು. ಎರಡು ತಲೆಮಾರು ಕಳೆದರೂ ಹಲವರು ಹಕ್ಕುಪತ್ರಕ್ಕಾಗಿ ಕಚೇರಿ ಮೆಟ್ಟಿಲು ಹತ್ತಿ ಇಳಿದದ್ದೇ ಬಂತು. ‘ಅರಣ್ಯ ಕಾನೂನು ಅಡ್ಡ ಬರ್ತದೆ’ ಎಂಬುದು ಅವರಿಗೆ ಸಿಗುವ ಉತ್ತರ. ಕೊಟ್ಟಿಗೆಗೆ ಹೆಂಚು ಹೊದಿಸಲು ಅಡ್ಡ ಬರುವ ಕಾನೂನು ಸುರಂಗ ಕೊರೆಯುವಾಗ ದಾರಿ ಬಿಡುತ್ತದೆಯೇ ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಒಂದಕ್ಕೆ ಹತ್ತು!

ಇಂಥ ಸಂದರ್ಭದಲ್ಲೆಲ್ಲ ಮೇಲಿನವರ ಹತ್ತಿರ ಒಂದು ಸಿದ್ಧ ಉತ್ತರ ಇರುತ್ತದೆ. ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ! ಕೇಳಲು ಲಾಭದ ಬಾಬತ್ತು. ಒಂದು ರೂಪಾಯಿ ಕೊಟ್ಟರೆ ಹತ್ತು ರೂಪಾಯಿ ಬಂದ ಹಾಗೆ. ಆದರೆ ಕೊಡುವ ನಾಣ್ಯ ಬೇರೆ, ಬರುವ ನಾಣ್ಯ ಬೇರೆ.

ಜಡ್ಡಿಯ ಜಾಯಿಕಾಯಿ ಮರದ ಬೀಜ ದೊಡ್ಡದು, ನೀರಿನಂಶ ತುಂಬಿದ್ದು. ಭತ್ತ, ರಾಗಿಯ ಹಾಗೆ ಕಣಜದಲ್ಲಿಟ್ಟು ಮುಂದಿನ ವರ್ಷ ಬಿತ್ತಲು ಬರುವುದಿಲ್ಲ. ಒಣಗಿತೋ, ಸತ್ತಿತು. ಬಿದ್ದ ಕೆಲವೇ ದಿನದಲ್ಲಿ, ನೆರಳಿನಲ್ಲಿ, ಒದ್ದೆ ನೆಲದಲ್ಲಿ ಮೊಳಕೆಯೊಡೆಯಬೇಕು. ಎಳೆ ಸಸಿಗೆ ಬೋಳುಗುಡ್ಡದ ಬಿಸಿಲು ತಡೆಯದು. ಆ ದೊಡ್ಡ ಬೀಜವನ್ನು ತಾಯಿಮರದಿಂದ ದೂರ ಒಯ್ಯಲು ಮಂಗಟ್ಟೆ ಹಕ್ಕಿ ಬೇಕು. ಮಂಗಟ್ಟೆಗೆ ಗೂಡು ಮಾಡಲು ಪೊಟರೆ ಇರುವ ಮುದಿ ಮರ ಬೇಕು. ಅಂದರೆ ಹೊಸ ಮರ ಹುಟ್ಟಲು ಹಳೆ ಮರ, ಹಳ್ಳ, ನೆರಳು, ಹಕ್ಕಿ ನಾಲ್ಕೂ ಮೊದಲೇ ಇರಬೇಕು. ಈ ಸಂಸಾರವನ್ನು ಯಾವ ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸುತ್ತಾರೆ?

ಹತ್ತು ಸಸಿ ನೆಟ್ಟರೆ ಹತ್ತು ಮರವಾದೀತು. ಹತ್ತಲ್ಲ, ಸಾವಿರ ನೆಟ್ಟರೂ ಕಾನು ಆಗದು. ಕಾನು ಮಾಡಲು ಬೇಕಾಗುವ ಸಾಮಾನು ಕಾಲ. ಅದು ಯಾವ ಟೆಂಡರಿನಲ್ಲೂ ಸಿಗುವುದಿಲ್ಲ.

ಪೇಟೆಯ ಪಾಲು

ಬೈಗುಳ ಎಲ್ಲ ಸರ್ಕಾರಕ್ಕೆ ಎಂದುಕೊಂಡು ಪೇಟೆ ಸುಮ್ಮನಿರುವಂತಿಲ್ಲ. ರಾಂಪತ್ರೆಗೆ ರೇಟು ಏರಿದ ವರ್ಷ ಹಣ್ಣಾಗುವ ಮೊದಲೇ ಕಾಯಿ ಕೊಯ್ಯುತ್ತಾರೆ, ಕೈಗೆ ಸಿಗದಿದ್ದರೆ ಕೊಂಬೆಯನ್ನೇ ಕಡಿಯುತ್ತಾರೆ. ಪಕ್ಕದೂರಿನವ ಕೊಯ್ದುಬಿಟ್ಟಾನು ಎಂಬ ಅವಸರ. ಉಪ್ಪಾಗೆ ಸಿಪ್ಪೆಯ ಕಥೆಯೂ ಹಾಗೇ. ಮಳೆಗಾಲದಲ್ಲಿ ಆಗುವ ಹಣ್ಣು, ಬಿಸಿಲಿಲ್ಲ. ಒಲೆ ಹಾಕಿ ಒಣಗಿಸಲು ಕಟ್ಟಿಗೆ ರಾಶಿ ರಾಶಿ ಸುಡಬೇಕು. ಅದೇ ಉಪ್ಪಾಗೆ ಹಣ್ಣು ಸಿಂಗಳೀಕಕ್ಕೂ ಊಟ.

ಬಡವರು ಕಾಡಿನಿಂದ ನಾಲ್ಕು ಕಾಸು ಮಾಡಿಕೊಳ್ಳುವುದು ತಪ್ಪಲ್ಲ. ತಲೆತಲಾಂತರದಿಂದ ಮಾಡಿದ್ದಾರೆ. ತಪ್ಪಿರುವುದು ತೂಕಕ್ಕೆ ಹಾಕುವ ಕಡೆ. ಬಲಿತದ್ದು, ಎಳೆಯದು ಎಂಬ ಭೇದವಿಲ್ಲದೆ ಒಂದೇ ರೇಟಿಗೆ ಕೊಂಡರೆ ಎಳೆಯದೇ ಬರುತ್ತದೆ. ಎಳೆಗಾಯಿ ಬೇಡ ಎಂದು ನಾಲ್ಕು ಮಂಡಿಯವರು ಗಟ್ಟಿ ಹೇಳಿದರೆ ಮುಂದಿನ ವರ್ಷ ಕೊಂಬೆ ಕಡಿಯುವವರು ಇರುವುದಿಲ್ಲ. ಇದಕ್ಕೆ ಡೆಲ್ಲಿಯಿಂದ ಆರ್ಡರು ಬರಬೇಕಾಗಿಲ್ಲ.

ಪ್ರವಾಸಿಗಳ ವಿಷಯವೂ ಒಂದು ಮಾತು. ಇಂಥ ಕಾಡನ್ನು ನೋಡಲು ಜನ ಬರಬಾರದು ಎಂದಲ್ಲ. ನೋಡದವನಿಗೆ ಪ್ರೀತಿ ಹುಟ್ಟುವುದು ಹೇಗೆ? ಆದರೆ ಜೋಗಕ್ಕೆ ಬರುವ ಗುಂಪು ಇಲ್ಲಿಗೂ ನುಗ್ಗಿದರೆ ಜಡ್ಡಿ ಒಂದು ಹಂಗಾಮೂ ತಾಳದು. ಆ ಮೊಣಕಾಲು ಬೇರುಗಳ ಮೇಲೆ ಬೂಟು ಬಿದ್ದರೆ ಮರದ ಉಸಿರು ಕಟ್ಟುತ್ತದೆ. ಕಡಿಮೆ ಜನ, ಅಪ್ಪಣೆ ಪಡೆದು, ಅದೇ ಊರಿನ ಒಬ್ಬ ತಿಳಿದ ಹುಡುಗನನ್ನು ದಾರಿಗೆ ಕರೆದುಕೊಂಡು, ಅವನಿಗೆ ನ್ಯಾಯವಾದ ಸಂಬಳ ಕೊಟ್ಟು, ಹಳ್ಳಕ್ಕೆ ಇಳಿಯದೆ, ಸದ್ದು ಮಾಡದೆ ನೋಡಿ ಬರಬೇಕು. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಚಿಪ್ಸು ಎಸೆಯುವವರು, ಬಾಟಲಿ ಒಡೆಯುವವರು ಕಾಡು ನೋಡಲು ಬಂದವರಲ್ಲ.

ಆಗಬೇಕಾದ್ದೇನು?

ಜನರ ಕಡೆಯಿಂದ ಕೇಳಬಹುದಾದ್ದು ನಾಲ್ಕೇ ಮಾತು. ಒಂದು, ಈ ಘಟ್ಟದ ರಸ್ತೆಯನ್ನು ಅಗಲಕ್ಕಿಂತ ಮೊದಲು ಗಟ್ಟಿ ಮಾಡಲಿ. ಗುಂಡಿ ಮುಚ್ಚಲಿ, ಚರಂಡಿ, ಮೋರಿ ಸರಿಪಡಿಸಲಿ, ಎದುರುಬದುರು ವಾಹನ ನಿಲ್ಲಲು ಮರವಿಲ್ಲದ ಕಡೆ ಜಾಗ ಮಾಡಲಿ. ಬಸ್ಸಿನವರ ಮುಕ್ಕಾಲು ಕಷ್ಟ ಅಲ್ಲಿಗೇ ತೀರುತ್ತದೆ. ಕಾನಿನ ನಡುವಿನ ಕೆಲವು ಕಿಲೋಮೀಟರಿನಲ್ಲಿ ಮೇಲಿನ ಚಪ್ಪರಕ್ಕೆ ಕೈ ಹಾಕದಿರಲಿ, ರಾತ್ರಿ ವೇಗಕ್ಕೆ ಲಗಾಮು ಬೀಳಲಿ.

ಎರಡು, ವಿದ್ಯುತ್ ಯೋಜನೆಯ ಪೂರ್ತಿ ಲೆಕ್ಕವನ್ನು ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಎಷ್ಟು ಮರ, ಯಾವ ಹಳ್ಳ, ಎಷ್ಟು ಲಾರಿ, ಎಷ್ಟು ವರ್ಷ? ಅಭಯಾರಣ್ಯದ ಹೊರಗೆ ಬೇರೆ ಜಾಗ ನೋಡಿದ್ದಾರೆಯೇ? ನೋಡಿದ್ದರೆ ಅದು ಯಾಕೆ ಆಗದು?

ಮೂರು, ಉಳಿದಿರುವ ಕಾನುಗಳನ್ನು, ಜಡ್ಡಿಗಳನ್ನು ಊರವರನ್ನು ಕೂರಿಸಿಕೊಂಡು ಗುರುತಿಸಿ, ಗಡಿ ಹಾಕಲಿ. ಕಾಯುವ ಹೊಣೆಯಲ್ಲಿ ಅವರಿಗೂ ಪಾಲು ಕೊಡಲಿ. ಬೇಲಿಯಾಚೆ ನಿಲ್ಲಿಸಿದವನಿಂದ ಕಾವಲು ನಿರೀಕ್ಷಿಸಿದರೆ ಆಗುವ ಕೆಲಸವಲ್ಲ. ನಾಲ್ಕು, ಮುಳುಗಡೆಯವರ ಹಕ್ಕುಪತ್ರದ ಕಡತ ಮೊದಲು ವಿಲೇವಾರಿ ಆಗಲಿ. ಅವರಿಗೆ ನ್ಯಾಯ ಸಿಗದೆ ಕಾಡಿನ ನ್ಯಾಯ ಹೇಳಲು ಯಾರಿಗೂ ಬಾಯಿಲ್ಲ.

ಕರೆಂಟು ಬೇಡ, ರಸ್ತೆ ಬೇಡ ಎಂದು ಯಾರೂ ಹೇಳುತ್ತಿಲ್ಲ. ಸಂಜೆ ಅಂಗಡಿಗೆ ದೀಪ ಬೇಕು, ಬೆಳಗಿನ ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕು. ಆದರೆ ವ್ಯಾಪಾರದಲ್ಲಿ ಬಂಡವಾಳವನ್ನೇ ಲಾಭ ಎಂದು ಬರೆದುಕೊಂಡವನ ಅಂಗಡಿಯ ಬಾಗಿಲು ಎಷ್ಟು ದಿನ ತೆರೆದಿರುತ್ತದೆ? ಕತ್ತಲೆಕಾನು ಹಿಂದಿನವರು ಮುಟ್ಟದೆ ಬಿಟ್ಟುಹೋದ ಬಂಡವಾಳ. ಅದರ ಬಡ್ಡಿ ಹಳ್ಳದಲ್ಲಿ ಹರಿದು ತೋಟಕ್ಕೆ, ಬಾವಿಗೆ ಬರುತ್ತಿದೆ. ಅಸಲಿಗೆ ಕೈ ಹಾಕುವ ಮೊದಲು ಖಾತೆದಾರರನ್ನು ಕೇಳಬೇಕಲ್ಲವೇ?

ಸಾಯಂಕಾಲ ಹೊನ್ನಾವರದಿಂದ ಹೊರಟ ಬಸ್ಸು ಮಲೆಮನೆ ಘಟ್ಟ ಏದುಸಿರು ಬಿಡುತ್ತಾ ಹತ್ತಿ ಮತ್ತೆ ಅದೇ ಕತ್ತಲೆಗೆ ಬರುತ್ತದೆ. ಇನ್ನು ಮುಂದೆ ಆ ತಣ್ಣನೆ ಗಾಳಿ ಮೊಣಕೈಗೆ ತಾಗಿದಾಗ ಪ್ರಯಾಣಿಕರು ಒಂದು ಗಳಿಗೆ ಎಚ್ಚರವಾಗಿರಲಿ. ಹೊರಗೆ ನಿಂತಿರುವವರು ಬಸ್ಸಿಗಿಂತ, ರಸ್ತೆಗಿಂತ, ಜಿಲ್ಲೆಗಿಂತ ಹಳಬರು. ಅವರ ಪರವಾಗಿ ಕಚೇರಿಗೆ ಅರ್ಜಿ ಬರೆಯಲು ಅವರಿಗೆ ಕೈಯಿಲ್ಲ. ಕೈ ಇರುವವರು ಏನು ಮಾಡುತ್ತಾರೆ?